ತಾಗುವ ವಿಸ್ತೀರ್ಣ

ಫೆಲಿಕ್ಸ್‌ಸ್ಟೋ ಬಂದರಿನ ಈ ಕೋಣೆಗೆ ಕಿಟಕಿ ಒಂದೇ.
ಅದರ ತುಂಬ ಕ್ರೇನಿನ ಒಂದು ಕಾಲು.
ಮೇಲೆ ಅದು ಏನನ್ನು ಎತ್ತುತ್ತಿದೆಯೋ ಕಾಣುವುದಿಲ್ಲ.
ನನ್ನ ಕೆಲಸವೂ ಕಾಲಿನದೇ:
ಅಧ್ಯಾಯ ಅರವತ್ನಾಲ್ಕು, ಪಾದರಕ್ಷೆಗಳು.

ಕಣಕಾಲು ಮುಚ್ಚಿದರೆ ಒಂದು ಸಾಲು, ಮುಚ್ಚದಿದ್ದರೆ ಇನ್ನೊಂದು.
ಮೂತಿಗೆ ಉಕ್ಕು ಹಾಕಿದ ಬೂಟಿಗೆ ಬೇರೆ ಮನೆ.
ಗೊಂಬೆ ತೊಟ್ಟ ಜೋಡು ಜೋಡಲ್ಲ, ಆಟಿಕೆ.
ಗೊಂಡೆ, ಬಕಲು, ಜರಿ ಎಷ್ಟಿದ್ದರೂ ಲೆಕ್ಕಕ್ಕಿಲ್ಲ.
ಹದಿನಾರು ವರ್ಷ ಓದಿದ ಪುಸ್ತಕದಲ್ಲಿ
ನಗು ಬರುವುದು ಒಂದೇ ಕಡೆ,
೬೪೦೩ ೨೦:
ತೊಗಲಿನ ಅಟ್ಟೆ, ಪಾದದ ಮೇಲೆ ಹಾಯುವ ತೊಗಲ ಪಟ್ಟಿ,
ಹೆಬ್ಬೆರಳನ್ನು ಸುತ್ತಿದ ಇನ್ನೊಂದು.
ಲೋಕದ ವ್ಯಾಪಾರವನ್ನೆಲ್ಲ ಅಂಕಿಗೆ ಇಳಿಸಲು ಕೂತವರು
ಯಾರದೋ ಹೆಬ್ಬೆರಳು ಕಂಡು ಒಂದು ಗಳಿಗೆ ತಡೆದಿದ್ದಾರೆ.
ಆ ಸುತ್ತಿಗೆ ನಮ್ಮ ಮನೆಯಲ್ಲಿ ಉಂಗುಟ ಅನ್ನುತ್ತಿದ್ದರು.

ಮಂಗಳವಾರ ಬಂದದ್ದು ಮುನ್ನೂರ ಹನ್ನೆರಡು ಜೋಡಿ.
ತರಿಸಿದವಳು ನಾರಿಚ್ ಪೇಟೆಯ ಫಿಲಿಪ್ಪಾ ಡೆಂಚ್.
ಘೋಷಣೆ: ತೊಗಲು.
ಗ್ಯಾರಡ್ ಒಂದನ್ನು ಮಗುಚಿದ.
"ಹಿಮ್ಮಡಿಯ ಕೆಳಗೆ ನೋಡು ಬಾಗಿ, ರಬ್ಬರು."
ಭಾಗೀರಥಿ ಅವನ ಬಾಯಲ್ಲಿ ಬಾಗಿ.
ಬಾಗಿಯೇ ನೋಡಿದೆ:
ಲಾರಿ ಟಯರಿನ ತುಂಡು, ಗೆರೆ ಇನ್ನೂ ಸವೆದಿಲ್ಲ,
ಮೂರು ಮೊಳೆ.
ಎರಡನೆಯದು ಕೊಂಚ ಓರೆ.
ಬಡಿಯುವಾಗ ಯಾರೋ ಕರೆದಿರಬೇಕು.

ನಿಯಮ ಸರಳ:
ನೆಲಕ್ಕೆ ಯಾವುದು ಹೆಚ್ಚು ತಾಗುತ್ತದೋ ಅಟ್ಟೆ ಅದರದು.
ಶಾಯಿ ಬಳಿದು ಚೌಕುಳಿ ಹಾಳೆಯ ಮೇಲೆ ಒತ್ತಿದೆ.
ಚೌಕ ಎಣಿಸತೊಡಗಿದೆ,

ಎಣಿಕೆ ತಪ್ಪಿತು.
ಅಥಣಿಯಲ್ಲಿ ನಮ್ಮಜ್ಜ ಪರಸಪ್ಪ
ಮೇಲೋಣಿಗೆ ಜೋಡು ಕೊಡಲು ಹೋಗುವಾಗ
ತನ್ನವನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ.
ಸೇದುವ ಬಾವಿಯಿಂದ ಪಾಟೀಲರ ಕಟ್ಟೆಯವರೆಗೆ
ಜೋಡು ನೆಲಕ್ಕೆ ತಾಗಿದ ವಿಸ್ತೀರ್ಣ ಸೊನ್ನೆ.
ಹಾಗಾದರೆ ಅಟ್ಟೆ ಯಾವುದರದು?
ತೊಗಲಿನದೇ, ಅನುಮಾನವಿಲ್ಲ.
ಬಿರುಬೇಸಿಗೆಯಲ್ಲಿ ಆ ತೊಗಲಿಗೆ ಬೊಬ್ಬೆ ಏಳುತ್ತಿತ್ತು.

ಅವನು ಹೊಲಿದದ್ದು ಪಾಟೀಲರ ಕಾಲಿಗೆ ಏರಿದರೆ ಪಾದರಕ್ಷೆ,
ಜಗಳದಲ್ಲಿ ಎಕ್ಕಡ,
ಅವನ ಹೆಸರಿನ ಪಕ್ಕ ಬಂದರೆ ಬೈಗುಳ.
ನಮ್ಮಲ್ಲೂ ವರ್ಗೀಕರಣ ಇತ್ತು,
ಮೇಲ್ಮನವಿ ಇರಲಿಲ್ಲ ಅಷ್ಟೆ.

ಸುಂಕದವನ ಮುಂದೆ ಸುಖದುಃಖ ಹೇಳಿದಂತೆ ಅಂತ ಗಾದೆ.
ಫಿಲಿಪ್ಪಾ ಡೆಂಚ್‌ಗೆ ಅದು ಗೊತ್ತಿಲ್ಲ, ದಿನಕ್ಕೆ ಎರಡು ಫೋನು:
ಗಂಡನ ಮಂಡಿ, ಅಂಗಡಿ ಬಾಡಿಗೆ,
ಈ ಸೀಮೆಯಲ್ಲಿ ಚಪ್ಪಲಿ ಮಾರುವ ಕಾಲ ಆರೇ ವಾರ,
ಅದರಲ್ಲಿ ಎರಡು ಆಗಲೇ ಮಳೆಗೆ ಹೋಗಿವೆ.
ಕೇಳಿಸಿಕೊಂಡೆ.
ಗಾದೆ ಕಟ್ಟಿದವರು
ಸುಂಕದವಳು ಯಾರ ಮುಂದೆ ಹೇಳಬೇಕು ಅಂತ ಹೇಳಿಹೋಗಿಲ್ಲ.

ಮಾದರಿಯನ್ನು ಸೀಳಿ ಪದರ ನೋಡಬೇಕು, ಅದೂ ನಿಯಮ.
ಚಾಕು ಸರಕಾರದ್ದು. ಕೈ ಅದನ್ನು
ರಂಪಿಗೆ ಹಿಡಿದ ಹಾಗೆ ಹಿಡಿಯಿತು.
ಕಲಿತದ್ದಲ್ಲ, ಹೊಸ್ತಿಲಲ್ಲಿ ಕೂತು ನೋಡಿದ್ದು.
ಎಡಗಾಲಿನದು ಬಾಯಿ ಬಿಟ್ಟಿತು:
ಜಾಲಿ ತೊಗಟೆ, ಅಳಲೆಕಾಯಿ, ಎಮ್ಮೆ.
ಗ್ಯಾರಡ್ ಮೂಗು ಮುಚ್ಚಿ ಕಿಟಕಿ ತೆಗೆದ.
ಸಮುದ್ರ ಒಳಗೆ ಬಂತು,
ವಾಸನೆ ಹೊರಗೆ ಹೋಗಲಿಲ್ಲ.

ಮತ್ತೆ ಮೊದಲಿಂದ ಎಣಿಸಿದೆ.
ರಬ್ಬರು ಐವತ್ತೊಂದು ಚೌಕ, ತೊಗಲು ನೂರ ಎಂಬತ್ತು.
೬೪೦೩ ೨೦. ಸಹಿ, ತಾರೀಕು.
ನಮ್ಮ ಚರ್ಮದ ಚಪ್ಪಲಿ ಮಾಡಿ ಕೊಟ್ಟರೂ ಋಣ ತೀರದು
ಅನ್ನುತ್ತಾರಲ್ಲ, ಅದಕ್ಕೆಷ್ಟು ಸುಂಕವೋ
ಆ ಕೋಷ್ಟಕ ನನ್ನ ಹತ್ತಿರ ಇಲ್ಲ.

ಬಿಡುಗಡೆಯಾದದ್ದು ಮುನ್ನೂರ ಹನ್ನೊಂದು ಜೋಡಿ.
ಉಳಿದ ಬಲಗಾಲಿನದನ್ನು ಗ್ಯಾರಡ್
ಕಿಟಕಿ ಮುಚ್ಚಿಕೊಳ್ಳದ ಹಾಗೆ ಸಂದಿಗೆ ಸಿಕ್ಕಿಸಿದ್ದಾನೆ.
ಹಾರಿಚ್ ಕಡೆಯ ಗಾಳಿ ಬೀಸಿದಾಗ
ಉಂಗುಟ ಒಂದಿಷ್ಟು ಅಲುಗುತ್ತದೆ,
ಒಳಗೆ ಬೆರಳಿಲ್ಲದೆ.